ಟೊಮೆಟೊ ಹಾಕುವ ಹೊತ್ತು

ನಮ್ಮ ಅತ್ತೆ ಸಾಬಮ್ಮನವರಿಗೆ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ. ಮಾವ ಹೇಳಿದರೂ ಅಷ್ಟೇ, ಮಗ ಹೇಳಿದರೂ ಅಷ್ಟೇ. ಸೊಸೆಯಾದ ನಾನು ಬಾಯಿ ತೆರೆದರಂತೂ ಆ ದಿನವಿಡೀ ಮನೆಯ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತವೆ. ಅಂಥವರು ದಿನಾ ಬೆಳಿಗ್ಗೆ ಕೈಯಲ್ಲಿ ಟೊಮೆಟೊ ತಟ್ಟೆ ಹಿಡಿದುಕೊಂಡು ಪಕ್ಕದ ಮನೆಯವರ ಅಪ್ಪಣೆಗೆ ಕಾಯುತ್ತಿದ್ದರು ಎಂದರೆ ಶಹಾಪುರದ ಕಡೆಯ ನಮ್ಮ ನೆಂಟರು ಇಂದಿಗೂ ನಂಬುವುದಿಲ್ಲ.

ಇದು ಎರಡು ಸಾವಿರದ ಮೂರನೇ ಇಸವಿಯ ಆಸುಪಾಸಿನ ಮಾತು. ಗರುಡಾಚಾರ್‌ಪಾಳ್ಯದ ಒಂದು ಸಾಲು ಶೀಟಿನ ಮನೆಗಳಲ್ಲಿ ನಾವು ಬಾಡಿಗೆಗಿದ್ದೆವು. ಮಾವ ಭಗವಂತರಾಯರು ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದರು. ನನ್ನ ಗಂಡ ಭೀಮು ಇನ್ನೊಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮೇಲಿದ್ದ. ಅತ್ತೆ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಜೋಳದ ರೊಟ್ಟಿ, ಬೇಳೆ, ಒಂದು ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ನಮ್ಮ ಕಡೆಯಿಂದ ದುಡಿಯಲು ಬಂದು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟ ಗಂಡಸರೇ ನಮ್ಮ ಗಿರಾಕಿಗಳು. ಅವರು ಮಾತಾಡದೆ ಉಂಡು, ರೊಟ್ಟಿ ಮುರಿಯುವ ಸದ್ದಷ್ಟೇ ಮಾಡಿ ಎದ್ದು ಹೋಗುತ್ತಿದ್ದರು.

ನಮ್ಮ ಅಡುಗೆಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಗೋಡೆಯೂ ಶೀಟಿನವರೆಗೆ ಪೂರ್ತಿ ಏರಿರಲಿಲ್ಲ. ಓನರಿಗೆ ಇಟ್ಟಿಗೆ ಸಾಲಲಿಲ್ಲವೋ, ಮನಸ್ಸು ಸಾಲಲಿಲ್ಲವೋ, ಮೇಲೆ ಒಂದು ಗೇಣು ಸಂದು ಬಿಟ್ಟಿದ್ದರು. ಅದರ ಮೂಲಕ ಬೆಳಕು, ಕೆಮ್ಮು, ಜಗಳ, ವಾಸನೆ ಎಲ್ಲವೂ ಬಾಡಿಗೆಯಿಲ್ಲದೆ ಓಡಾಡುತ್ತಿದ್ದವು. ಆಚೆ ಇದ್ದವರು ಉಮ್ಮೆ ಕುಲ್ಸುಂ ಮತ್ತು ಅವರ ಗಂಡ ಖಾದರ್ ಭಾಯಿ. ಶಿವಾಜಿನಗರದವರು. ಖಾದರ್ ಭಾಯಿಗೆ ಲೇಥ್ ಕೆಲಸ ಇಲ್ಲಿ ಸಿಕ್ಕಿತ್ತೆಂದು ಇತ್ತ ಬಂದಿದ್ದರು. ಮಕ್ಕಳಿರಲಿಲ್ಲ. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಕುಲ್ಸುಂ ಅವರ ಅಪ್ಪ ಮದುವೆಗಳಿಗೆ ಅಡುಗೆ ಮಾಡುತ್ತಿದ್ದವರಂತೆ, ಹಂಡೆಗಳ ನಡುವೆ ಬೆಳೆದವರು ಅವರು.

ನಾವು ಈ ಮನೆಗೆ ಬಂದ ಹೊಸದರಲ್ಲಿ ನಡೆದದ್ದು ಇದು. ಊರಲ್ಲಾದರೆ ಅತ್ತೆ ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು, ಒಣಕೊಬ್ಬರಿ ಬೆಳ್ಳುಳ್ಳಿ ಜೊತೆ ಕುಟ್ಟುತ್ತಿದ್ದರು. ಅಡುಗೆಯೆಲ್ಲ ಅದರ ಮೇಲೆ ನಿಲ್ಲುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಬುಡ. ಇಲ್ಲಿ ಕೆಂಡ ಎಲ್ಲಿಂದ ಬರಬೇಕು? ಹಾಗಾಗಿ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಹಾಕಿ ಈರುಳ್ಳಿ ಹುರಿಯುತ್ತಿದ್ದರು. ಹುರಿಯುತ್ತಾ ರೊಟ್ಟಿಯ ಕಡೆ ತಿರುಗಿದ್ದರು. ಆಗ ಗೋಡೆಯ ಮೇಲಿಂದ ಧ್ವನಿ ಬಂತು.

"ಯಾರ್ರೀ ಅಲ್ಲಿ ಈರುಳ್ಳಿ ಸುಡ್ತಿರೋದು? ಇನ್ನೂ ಸ್ವಲ್ಪ ಬಿಟ್ರೆ ಕಹಿ ಆಗ್ಬಿಡತ್ತೆ. ಟೊಮೆಟೊ ಹಾಕ್ಬಿಡಿ."

ಅತ್ತೆಯ ಮುಖ ನೋಡಬೇಕಿತ್ತು. "ಒಲಿ ನಂದು, ಉಳ್ಳಾಗಡ್ಡಿ ನಂದು. ಯಾರಕಿ ಇಕಿ?" ಎಂದರು. ಆದರೆ ಬಾಯಿ ಬೈಯುತ್ತಿದ್ದಂತೆಯೇ ಕೈ ಟೊಮೆಟೊ ಸುರಿದಿತ್ತು. ಅಂದಿನ ಬೇಳೆಯನ್ನು ಗಿರಾಕಿಗಳು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಮರುದಿನ ಈರುಳ್ಳಿ ಬಣ್ಣ ತಿರುಗುವ ಹೊತ್ತಿಗೆ ಅತ್ತೆಯ ಕಣ್ಣು ಒಲೆ ಬಿಟ್ಟು ಗೋಡೆಯ ಮೇಲಕ್ಕೆ ಹೋದದ್ದನ್ನು ನಾನು ನೋಡಿದೆ. ನೋಡಿಯೂ ನೋಡದಂತೆ ಹಿಟ್ಟು ನಾದಿದೆ.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಖಾಲಾ ಆಚೆ ಕೂತು ಅಕ್ಕಿ ಆರಿಸುತ್ತಲೋ ಖಾದರ್ ಭಾಯಿಯ ಡಬ್ಬಿ ಕಟ್ಟುತ್ತಲೋ ಮೂಗಿನಲ್ಲೇ ನಮ್ಮ ಒಲೆ ನೋಡಿಕೊಳ್ಳುತ್ತಿದ್ದರು. "ಈಗ ಉಪ್ಪು ಹಾಕಿ, ನೀರು ಬಿಡ್ಲಿ." "ಉರಿ ಜಾಸ್ತಿ ಆಯ್ತು." "ಶುಂಠಿ ಬೆಳ್ಳುಳ್ಳಿ ಹಸಿ ವಾಸನೆ ಇನ್ನೂ ಹೋಗಿಲ್ಲ ಅಕ್ಕ, ತಡೀರಿ." ಅವರು ಹೇಳುವ ಪ್ರಕಾರ ಈರುಳ್ಳಿಗೆ ಮೊದಲು ಕಣ್ಣು ಉರಿಸುವ ವಾಸನೆ, ಆಮೇಲೆ ಬೆಲ್ಲದ ಪಾಕದಂಥ ವಾಸನೆ, ಕೊನೆಗೆ ಸೀದ ವಾಸನೆ. ಬೆಲ್ಲದ ವಾಸನೆ ಮುಗಿದು ಸೀದದ್ದು ಶುರುವಾಗುವ ಮೊದಲು ಚಿಕ್ಕದೊಂದು ಹೊತ್ತಿದೆ. ಟೊಮೆಟೊ ಬೀಳಬೇಕಾದದ್ದು ಆಗಲೇ. ಅದರ ಹಿಂದೆ ಕೊತ್ತಂಬರಿಯ ದಂಟು, ನಾಲ್ಕು ಪುದೀನ ಎಲೆ. ಎಣ್ಣೆ ಅಂಚಿಗೆ ಬರುವತನಕ ಕೈಯಾಡಿಸಿದರೆ ಬುಡ ಸಿದ್ಧ. ದಿನವಿಡೀ ಬೇಳೆ, ಸಾರು, ಪಲ್ಯ ಯಾವುದೇ ಇರಲಿ, ಅದರಲ್ಲೊಂದು ಸೌಟಿನಿಂದಲೇ ಶುರು.

ಇಳಿಸಿದ ಮೇಲೆ ಮೊದಲ ಸೌಟು ಗೋಡೆಯಾಚೆಗೆ ಹೋಗುತ್ತಿತ್ತು. ಅದೇ ಬುಡ ನಮ್ಮಲ್ಲಿ ಬೇಳೆಗೆ, ಅವರಲ್ಲಿ ಮಟನ್ ಸಾಲನ್‌ಗೆ. ನಮ್ಮ ಗಿರಾಕಿಗಳಲ್ಲಿ ಒಬ್ಬಿಬ್ಬರು ಮೂಗು ಮುರಿದಾಗ ಅತ್ತೆ ಒಂದೇ ಮಾತು ಹೇಳಿದ್ದರು. "ಉಳ್ಳಾಗಡ್ಡಿ ಇಲ್ಲಿಂದ ಅಲ್ಲಿಗಿ ಹೋಗ್ತದ, ಅಲ್ಲಿಂದ ನಿಮ್ಮ ತಾಟಿಗೇನೂ ಬರಂಗಿಲ್ಲ. ಬರೋದು ಬರೇ ಮಾತು. ಮಾತಿಗಿ ಮೈಲಿಗಿ ಇಲ್ಲ."

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಖಾದರ್ ಭಾಯಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಮನೆಗೆ ಬಂದು ಮಂಚದ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಶಿವಾಜಿನಗರದಿಂದ ಖಾಲಾ ಅವರ ತಮ್ಮ ನಜೀರ್, ಅವನ ಹೆಂಡತಿ ಫಹ್ಮಿದಾ ಬಂದರು. ಮಾವ ಮತ್ತು ಭೀಮು ಕೂಡ ಖಬರಸ್ತಾನದವರೆಗೆ ಹೆಗಲು ಕೊಟ್ಟು ಬಂದರು. ಖಾಲಾ ಗೋಡೆಗೆ ಆತು ಕೂತಿದ್ದರು. ಅತ್ತು ಕರೆಯಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಕೂತು ಕೈಹಿಡಿದುಕೊಂಡರು. ಅತ್ತೆ ಮಾತಾಡದೆ ಅಷ್ಟು ಹೊತ್ತು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮನೆಗೆ ಬಂದವರೇ ಅತ್ತೆ ಒಗ್ಗರಣೆ ಪಾತ್ರೆಯನ್ನು ತೊಳೆದು ಬೋರಲು ಹಾಕಿದರು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಕಾಯಬಾರದು, ಈರುಳ್ಳಿ ಸಿಡಿಯಬಾರದು, ಘಮ ಅನ್ನುವುದೇ ಇರಬಾರದು. ಬೇಯಿಸಿದ ಬೇಳೆ, ಅನ್ನ, ಉಪ್ಪು. ಅಕ್ಕಪಕ್ಕದವರು ಕೊಟ್ಟರೂ ಅಂಥದ್ದನ್ನೇ ಕೊಡಬೇಕು. ಹೋದವರ ನೆನಪಿನ ಮುಂದೆ ನಾಲಿಗೆ ಚಪ್ಪರಿಸಬಾರದು ಎನ್ನುವ ಮರ್ಯಾದೆ ಅದು. ಆದರೆ ಪಕ್ಕದ ಮನೆಯ ಸಾವಿಗೆ ನಮ್ಮ ಖಾನಾವಳಿಯ ಒಗ್ಗರಣೆ ನಿಲ್ಲಬೇಕು ಎಂದು ಯಾವ ಊರಲ್ಲೂ ಇಲ್ಲ. ಮಾವ ಅದನ್ನೇ ಕೇಳಿದರು.

"ನಮಗೇನು ಸೂತಕ? ಅವರು ನಮ್ಮ ಕುಲ ಅಲ್ಲ, ನೆಂಟರಲ್ಲ."

"ಗ್ವಾಡಿ ಒಂದೇ ಅದ," ಎಂದರು ಅತ್ತೆ. "ಸೂತಕ ಗ್ವಾಡಿಗಿ ಬಂದದ."

"ಎಷ್ಟು ದಿನ ಅಂತ?"

"ಆ ಮನ್ಯಾಗ ಎಣ್ಣಿ ಕಾಯೋತನಕ."

ಹಾಗೆ ನಮ್ಮ ಖಾನಾವಳಿಯಲ್ಲಿ ಸಪ್ಪೆ ಬೇಳೆ ಶುರುವಾಯಿತು. ಗಿರಾಕಿಗಳು ಮೊದಲು ಸುಮ್ಮನೆ ಉಂಡರು. ಸಾವಿನ ವಿಷಯ, ಏನು ಹೇಳುವುದು? ಆಮೇಲಾಮೇಲೆ ರೊಟ್ಟಿಗೆ ಹಿಂಡಿ ಜಾಸ್ತಿ ಕೇಳತೊಡಗಿದರು. ಕೆಲವರು ರಸ್ತೆಯಾಚೆಯ ಹೋಟೆಲಿಗೆ ಹೋದರು. ಹೋಗುವವರು ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಅತ್ತೆ ಅವರನ್ನು ನೋಡುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ದಿನಾ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಪಕ್ಕದ ಮನೆಗೆ ಡಬ್ಬಿ ಹೋಗುತ್ತಿತ್ತು. ಬೇಯಿಸಿದ ಬೇಳೆ, ಅನ್ನ, ಎಣ್ಣೆ ಸೋಕದ ಸೊಪ್ಪು. ಅತ್ತೆ ಮಡಿಯಲ್ಲಿ ಮಾಡಿದಷ್ಟು ಶ್ರದ್ಧೆಯಿಂದ ಅದನ್ನು ತಾವೇ ತುಂಬುತ್ತಿದ್ದರು. ಸಂಜೆ, ಖಾಲಾ ಜೊತೆಗೆ ಉಳಿದುಕೊಂಡಿದ್ದ ಫಹ್ಮಿದಾ ಡಬ್ಬಿ ತಂದು ಹೊಸಿಲ ಮೇಲಿಟ್ಟು ಹೋಗುತ್ತಿದ್ದಳು. ತೊಳೆದ, ಖಾಲಿ ಡಬ್ಬಿ. ಬೇರೆ ದಿನಗಳಲ್ಲಿ ಖಾಲಾ ನಮ್ಮ ಪಾತ್ರೆಯನ್ನು ಬರಿದಾಗಿ ಕಳಿಸಿದವರೇ ಅಲ್ಲ. ಒಂದು ಹಿಡಿ ಸಕ್ಕರೆ, ಎರಡು ಖರ್ಜೂರ, ಏನೂ ಇಲ್ಲದಿದ್ದರೆ ಒಂದೆಸಳು ಕರಿಬೇವು. ಆ ಖಾಲಿ ಡಬ್ಬಿಯನ್ನು ನಾನು ಎರಡು ಸಲ ತೆರೆದು ನೋಡಿದೆ. ಅತ್ತೆ ಮಾತ್ರ ತಲೆದೂಗಿದರು.

"ನೋಡು ಕಾವೇರಿ, ರೀತಿ ಗೊತ್ತಿದ್ದ ಹೆಣ್ಮಗಳು. ಸತ್ತ ಮನಿಯಿಂದ ಏನೂ ಹೊರಗ ಕೊಡಬಾರದು. ಅಂಥಾ ದುಃಖದಾಗೂ ನೆನಪಿಟ್ಟಾಳ."

ನಾನು ನಂಬಿದೆ. ಅತ್ತೆ ಅಷ್ಟು ಖಾತ್ರಿಯಾಗಿ ಹೇಳಿದರೆ ನಂಬದೆ ಏನು ಮಾಡುವುದು?

ಆದರೆ ಪಕ್ಕದ ಮನೆಯಲ್ಲಿ ಎಣ್ಣೆ ಕಾಯಲೇ ಇಲ್ಲ. ಫಹ್ಮಿದಾ ಚಹಾ ಮಾಡುತ್ತಿದ್ದಳು, ಹಾಲು ಕಾಯಿಸುತ್ತಿದ್ದಳು, ಊಟ ಶಿವಾಜಿನಗರದಿಂದ ಕ್ಯಾರಿಯರಿನಲ್ಲಿ ಬರುತ್ತಿತ್ತು. ಅವರು ಕಾಯಿಸುವತನಕ ನಾವು ಕಾಯಿಸುವಂತಿಲ್ಲ. ಗೋಡೆಯ ಮೇಲಿನ ಸಂದಿನಿಂದ ಈಚೆಗೂ ವಾಸನೆಯಿಲ್ಲ, ಆಚೆಗೂ ಇಲ್ಲ. ಮಾತೂ ಇಲ್ಲ. ಅತ್ತೆ ಬೆಳಿಗ್ಗೆ ಬೇಳೆ ಕುದಿಸುತ್ತಾ ಆಗಾಗ ಮೇಲೆ ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಹೇಳಲು ಬರುತ್ತಿರಲಿಲ್ಲ, ಆ ಓನರ ಮೇಲೆ ಇರಬಹುದು, ಗೋಡೆ ಪೂರ್ತಿ ಕಟ್ಟಿದ್ದರೆ ಇಷ್ಟೆಲ್ಲ ಯಾಕೆ ಆಗುತ್ತಿತ್ತು ಎಂದು.

ಒಂದು ದಿನ ನಲ್ಲಿಯ ಹತ್ತಿರ ಫಹ್ಮಿದಾ ಸಿಕ್ಕಳು. ಕೊಡ ತುಂಬುವ ತನಕ ಏನಾದರೂ ಮಾತಾಡಬೇಕಲ್ಲ ಎಂದು, ಖಾಲಾ ಸ್ವಲ್ಪ ಸುಧಾರಿಸಿಕೊಂಡರಾ ಎಂದು ಕೇಳಿದೆ.

"ಭಾನುವಾರ ಕರ್ಕೊಂಡ್ ಹೋಗ್ತಿದೀವಿ," ಎಂದಳು. "ಟೆಂಪೋ ಹೇಳಿದಾರೆ ನಮ್ಮವರು."

"ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯೋ ತನಕ ಗಂಡನ ಮನೇಲೇ ಇರ್ಬೇಕು ಅಂತ ಖಾಲಾನೇ ಒಮ್ಮೆ ಹೇಳಿದ್ರಲ್ಲ ಆಪಾ?"

"ಇರ್ಬೇಕು ಅಂತಾನೇ ಇದ್ರು. ಒಬ್ಬಳೇ ಹೆಂಗಸು ಇರೋದು ಕಷ್ಟ ಆದ್ರೆ ಹೋಗ್ಬಹುದು ಅಂತ ದೊಡ್ಡವರು ಹೇಳಿದ್ರು. ಒಬ್ಬಳೇ ಅಲ್ಲ, ಪಕ್ಕದಲ್ಲಿ ಸಾಬಮ್ಮ ಇದಾರೆ ಅಂತ ಖಾಲಾ ಹಟ ಮಾಡಿದ್ರು ಮೊದಲು." ಫಹ್ಮಿದಾ ಕೊಡದಿಂದ ಕಣ್ಣೆತ್ತಲಿಲ್ಲ. "ಬೇಜಾರ್ ಮಾಡ್ಕೋಬೇಡ ಕಾವೇರಿ. ನಮ್ಮಲ್ಲಿ ಮೌತ್ ಆದ ಮನೆಗೆ ಅಕ್ಕಪಕ್ಕದೋರು ತಮ್ಮ ಮನೇಲಿ ಇರೋದ್ರಲ್ಲಿ ಒಳ್ಳೇದು ಮಾಡಿ ಕಳಿಸ್ತಾರೆ. ಬಘಾರ್, ಒಗ್ಗರಣೆ ಘಮ ಬಂದ್ರೆ ಅಳೋರೂ ಎರಡು ತುತ್ತು ತಿಂತಾರೆ ಅಂತ. ನಿಮ್ಮತ್ತೆ ದಿನಾ ಕಳಿಸಿದ್ದು ಏನು? ನೀರು ಬೇಳೆ. ನಿಮ್ಮ ಖಾಲಾ ಅಂದ್ರು, ಇಷ್ಟು ವರ್ಷ ಆ ಈರುಳ್ಳಿ ಹದ ಹೇಳಿಕೊಟ್ಟೋಳು ನಾನು, ನನ್ನ ಗಂಡ ಹೋದಾಗ ನನಗೆ ಅಂತ ಒಂದು ಈರುಳ್ಳಿ ಹಾಕೋಕೆ ಅವರ ಕೈ ಬರಲಿಲ್ಲ ಅಂತ. ಅವತ್ತೇ ಡಬ್ಬಿ ಖಾಲಿ ಕಳಿಸು ಅಂದ್ರು."

ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ, ನೀರು ಬೇಳೆ ಎಂಬ ಮಾತನ್ನೂ. ಅವರು ಜೋಳದ ಹಿಟ್ಟಿನ ಡಬ್ಬದ ಮೇಲೆ ಕೂತರು. ಮೊದಲು ಬಂದದ್ದು ಸಿಟ್ಟು.

"ನನ್ನ ಬಗ್ಗಿ ಹಂಗ ಅನಕೊಂಡಾಳ? ಗಿರಾಕಿ ಹೋದ್ರೂ ಒಗ್ಗರಣಿ ಹಾಕಲಾರ್ದ ಕುಂತೀನಿ ನಾ ಇಲ್ಲಿ. ಅಕಿಗಿ ಅಷ್ಟೂ ತಿಳೀಲಿಲ್ಲ?"

"ಅವರಿಗಿ ಹ್ಯಾಂಗ ತಿಳೀಬೇಕು ಅತ್ತಿ? ನೀವು ಹೇಳೀರೇನು?"

ಆ ದಿನ ಪಾತ್ರೆಗಳು ಸದ್ದು ಮಾಡಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಆಮೇಲೆ ಅವರ ಕಣ್ಣು ತುಂಬಿತು. ಡಬ್ಬಿ ತುಂಬುವಾಗಿನ ಅವರ ಕೈಗಳು ನನಗೆ ನೆನಪಾದವು. ಆ ಸಪ್ಪೆ ಅನ್ನವನ್ನು ಎಷ್ಟು ಜೋಪಾನವಾಗಿ ಒತ್ತುತ್ತಿದ್ದರು! ಕೊಟ್ಟವರೂ ಪ್ರೀತಿಯಿಂದ ಕೊಟ್ಟು, ತೆಗೆದುಕೊಂಡವರೂ ನೋಯುವುದೆಂದರೆ ಇದಕ್ಕಿಂತ ಕೆಟ್ಟದ್ದು ಬೇರೇನಿದೆ?

"ಹೋಗಿ ಹೇಳ್ರಿ ಅತ್ತಿ," ಎಂದೆ. "ನಮ್ಮ ಪದ್ಧತಿ ಹಿಂಗ ಅಂತ."

"ಈಗ ಹೇಳಿದ್ರ ಸಬೂಬು ಆಗ್ತದ. ಟೆಂಪೋ ಬರೂ ಹೊತ್ತಿಗಿ ಪದ್ಧತಿ ನೆನಪಾತೇನು ಅಂತಾಳ." ಅವರು ಕಣ್ಣೊರೆಸಿಕೊಂಡು ಎದ್ದರು. "ಉಳ್ಳಾಗಡ್ಡಿ ತಗಿ."

ಮರುದಿನ ಬೆಳಿಗ್ಗೆ, ಪಕ್ಕದ ಮನೆಯಲ್ಲಿ ಇನ್ನೂ ಎಣ್ಣೆ ಕಾಯದಿದ್ದಾಗಲೇ, ಅತ್ತೆ ತಮ್ಮ ಮಾತನ್ನು ತಾವೇ ಮುರಿದು ಬೋರಲು ಹಾಕಿದ್ದ ಪಾತ್ರೆಯನ್ನು ಒಲೆಗೇರಿಸಿದರು. ಶೇಂಗಾ ಎಣ್ಣೆ ಸುರಿದರು. ನಾನು ಈರುಳ್ಳಿ ಹೆಚ್ಚಿದೆ, ಅವರು ಹಾಕಿದರು. ಇಷ್ಟು ದಿನಗಳ ಮೇಲೆ ಎಣ್ಣೆ ಚುಂಯ್ ಎಂದದ್ದಕ್ಕೆ ಒಳಗೆ ಮಲಗಿದ್ದ ಮಾವ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿ ಹಿಂದಿರುಗಿದರು.

ಕಣ್ಣು ಉರಿಸುವ ವಾಸನೆ ಎದ್ದಿತು. ಅತ್ತೆ ಉಪ್ಪು ಹಾಕಿದರು, ಈರುಳ್ಳಿ ನೀರು ಬಿಟ್ಟು ಮೆತ್ತಗಾಯಿತು. ಶುಂಠಿ ಬೆಳ್ಳುಳ್ಳಿ ಬಿತ್ತು. ನಿಧಾನವಾಗಿ ಅಂಚುಗಳು ಕೆಂಪಗಾದವು, ಬೆಲ್ಲದ ವಾಸನೆ ಕೋಣೆ ತುಂಬಿ, ಶೀಟಿಗೆ ತಾಗಿ, ಸಂದಿನತ್ತ ಸಾಗಿತು. ಅತ್ತೆ ಟೊಮೆಟೊ ತಟ್ಟೆ ಕೈಗೆ ತೆಗೆದುಕೊಂಡು ಗೋಡೆಯ ಮೇಲೆ ನೋಡುತ್ತಾ ನಿಂತರು.

ಆಚೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಆಮೇಲೆ ಏನಿಲ್ಲ.

ಈರುಳ್ಳಿಯ ಬಣ್ಣ ದಟ್ಟವಾಗುತ್ತಾ ಬಂತು. ನಾನು ತಟ್ಟೆಗೆ ಕೈಚಾಚಿದೆ. ಅತ್ತೆ ನನ್ನ ಕೈ ತಳ್ಳಿದರು.

"ಸೀದು ಹೋಗ್ತದ ಅತ್ತಿ."

"ಹೋಗಲಿ."

"ಮತ್ತ ಉಳ್ಳಾಗಡ್ಡಿ ಇಲ್ಲ ಮನ್ಯಾಗ."

"ಇರಲಾರ್ದಿದ್ರ ಇಲ್ಲ."

ಬೆಲ್ಲದ ವಾಸನೆ ಮುಗಿಯಿತು. ಪಾತ್ರೆಯ ತಳದಲ್ಲಿ ಒಂದೆರಡು ಎಸಳು ಕಪ್ಪಗಾದವು. ನನಗೆ ಆ ಈರುಳ್ಳಿಯ ಮೇಲೆ ಅಳು ಬಂತು. ಅತ್ತೆ ಹಿಡಿದ ತಟ್ಟೆಯಿಂದ ಟೊಮೆಟೊ ರಸ ಅವರ ಮೊಣಕೈವರೆಗೆ ಇಳಿದಿತ್ತು.

"ಅಕ್ಕ." ಗೋಡೆಯ ಮೇಲಿಂದ ಬಂದ ಧ್ವನಿ ಒಡೆದಿತ್ತು, ಎಷ್ಟೋ ದಿನದಿಂದ ಬಳಸದ ಧ್ವನಿ. "ಟೊಮೆಟೊ ಹಾಕಿ ಅಕ್ಕ. ಸುಡ್ತಾ ಇದೆ."

ಅತ್ತೆ ತಟ್ಟೆ ಸುರಿದರು. ಆವಿ ಭುಗ್ಗನೆದ್ದಿತು. ಆ ಆವಿಯಲ್ಲೇ ಮುಖ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಹೇಳಿದರು.

"ನಮ್ಮ ಕಡಿ ಸತ್ತ ಮನಿಗಿ ಒಗ್ಗರಣಿ ಕೊಡಂಗಿಲ್ಲ ಕುಲ್ಸುಂಬಿ. ನಿಮ್ಮ ಮನ್ಯಾಗ ಎಣ್ಣಿ ಕಾಯೋತನಕ ನಮ್ಮ ಮನ್ಯಾಗೂ ಬ್ಯಾಡ ಅಂತ ಕುಂತಿದ್ದೆ. ಖಾದರಣ್ಣ ಹೋದಾಗಿಂದ ಇದೇ ಮೊದಲನೇ ಉಳ್ಳಾಗಡ್ಡಿ. ನಾವೂ ಅದೇ ಸಪ್ಪನ್ನ ಬ್ಯಾಳಿನೇ ಉಂಡೀವಿ. ನಿನಗ ಕೊಟ್ಟಿದ್ದೇ ನಾವೂ ಉಂಡೀವಿ."

ಆಚೆ ಮಂಚ ಕಿರುಗುಟ್ಟಿತು, ಧ್ವನಿ ಗೋಡೆಯ ಹತ್ತಿರ ಬಂತು.

"ಅವರು ಹೋದ ದಿನದಿಂದ ನಿಮ್ಮ ಕಡೆಯಿಂದ ವಾಸನೇನೇ ಬಂದಿಲ್ಲ," ಎಂದರು ಖಾಲಾ. "ನಾನಿಲ್ಲಿ ಒಬ್ಬಳೇ ಬಿದ್ದಿದೀನಿ, ಗೋಡೆಯಾಚೆ ಇರೋರೂ ನನ್ನ ಬಿಟ್ರು ಅನ್ಕೊಂಡೆ ಅಕ್ಕ."

ಆಮೇಲೆ ಅವರು ಅತ್ತರು. ಮಣ್ಣು ಮಾಡಿದ ದಿನ ಬಾರದ ಅಳು ಅದು, ಬಾಯಿಬಿಟ್ಟು, ಗಂಡನ ಹೆಸರು ಹಿಡಿದು. ಅತ್ತೆ ಒಲೆಯ ಮುಂದೆ ಕೂತು ಸೌಟು ತಿರುಗಿಸುತ್ತಾ ಅತ್ತರು. ಇಬ್ಬರ ನಡುವೆ ಗೋಡೆ ಇದ್ದದ್ದೇ ಒಳ್ಳೆಯದಾಯಿತು, ಮುಖಾಮುಖಿ ಇದ್ದಿದ್ದರೆ ಇಬ್ಬರೂ ತಡೆದುಕೊಳ್ಳುತ್ತಿದ್ದರೇನೋ. ನಾನು ಕೊತ್ತಂಬರಿ ದಂಟು ಹಾಕುವುದನ್ನು ಮರೆತೆ. ಯಾರೂ ನೆನಪಿಸಲಿಲ್ಲ.

ಅಂದು ಮಧ್ಯಾಹ್ನ ಡಬ್ಬಿಯಲ್ಲಿ ಹೋದದ್ದು ಸ್ವಲ್ಪ ಕಹಿಯಾದ ಬೇಳೆ. ಸಂಜೆ ಡಬ್ಬಿ ಬಂತು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಸಕ್ಕರೆ. ಸತ್ತ ಮನೆಯಿಂದ ಏನೂ ತೆಗೆದುಕೊಳ್ಳಬಾರದು ಎನ್ನುವ ಅತ್ತೆ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಚಹಾ ಡಬ್ಬಕ್ಕೆ ಸುರಿದರು. 

ಭಾನುವಾರ ನಜೀರ್ ಟೆಂಪೋ ತಂದ. ಖಾಲಾ ಒಳಗಿನಿಂದಲೇ ಹೇಳಿದ್ದು ನಮಗೂ ಕೇಳಿಸಿತು.

"ಇದ್ದತ್ ಮುಗಿಯೋವರೆಗೂ ನನ್ನ ಗಂಡನ ಮನೇಲೇ ಇರ್ತೀನಿ ನಜೀರ್. ಒಬ್ಬಳೇ ಇಲ್ಲ ನಾನು."

"ಆಮೇಲೆ ಆಪಾ?"

"ಆಮೇಲಿಂದು ಆಮೇಲೆ. ಬೆಳಿಗ್ಗೆ ಇವರಿಗೆ ಟೊಮೆಟೊ ಯಾವಾಗ ಹಾಕೋದು ಅಂತ ಯಾರ್ ಹೇಳ್ತಾರೆ? ನಾನಿಲ್ದಿದ್ರೆ ಎಲ್ಲಾ ಸುಟ್ಟು ಹಾಕ್ತಾರೆ. ಮೊನ್ನೆ ನೋಡಲಿಲ್ವಾ?"

ಟೆಂಪೋ ಫಹ್ಮಿದಾಳನ್ನೂ ಒಂದು ಡಬ್ಬಿ ಬುಡವನ್ನೂ ಹತ್ತಿಸಿಕೊಂಡು ಹೋಯಿತು.

ಈಚೆ ಕೂತಿದ್ದ ಅತ್ತೆಯ ಮುಖವನ್ನು ನಾನು ನೋಡಿದೆ. ಬುದ್ಧಿ ಹೇಳಿದರೆ ಮೈ ಉರಿಯುವ ನಮ್ಮ ಅತ್ತೆ ಆ ಮಾತಿಗೆ ಎದುರಾಡಲಿಲ್ಲ. ಟೊಮೆಟೊ ಯಾವಾಗ ಹಾಕಬೇಕೆಂಬುದು ಅವರಿಗೆ ಬಂದ ಮೊದಲ ವಾರದಲ್ಲೇ ತಿಳಿದಿತ್ತು. ಖಾಲಾ ತಮ್ಮನ ಮನೆಗೆ ಹೋದ ದಿನಗಳಲ್ಲಿ ಅತ್ತೆಯೊಬ್ಬರೇ ಎಷ್ಟು ಸಲ ಹದ ತಪ್ಪದೆ ಹುರಿದಿಲ್ಲ? ಅದನ್ನು ಖಾಲಾಗೆ ಹೇಳಬೇಡವೆಂದು ನನಗೆ ಆಣೆ ಹಾಕಿದ್ದರು.

ಮರುದಿನ ಬೆಳಿಗ್ಗೆ ಈರುಳ್ಳಿ ಕೆಂಪಗಾಗುವ ಹೊತ್ತಿಗೆ ಅತ್ತೆ ತಟ್ಟೆ ಹಿಡಿದು, ಮೇಲೆ ನೋಡುತ್ತಾ ನಿಂತಿದ್ದರು.